ಓದಕ್ಕನಿಗೆ ಎರಡು ಲೈಸೆನ್ಸ್

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಭೀಮೇಶನದು. ಯಾರೂ ಬರೆದುಕೊಟ್ಟದ್ದಲ್ಲ, ಆದರೂ ಹೊಸಬರು ಯಾರಾದರೂ ಬಂದು ಕೂತರೆ ಕಂಡಕ್ಟರೇ ಎಬ್ಬಿಸುತ್ತಾನೆ. "ಏಳ್ರಿ ಯಜಮಾನ್ರ, ನಮ್ಮ ಸಾಹೇಬ್ರು ಬರೋ ಹೊತ್ತಾತು." ಭೀಮೇಶ ಸಾಹೇಬನೇನಲ್ಲ, ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಹೈಸ್ಕೂಲು ಮುಗಿಯುವ ಹೊತ್ತಿಗೆ ಅವನ ಕಣ್ಣು ಮಂಜಾಯಿತು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬಷ್ಟು ಮಾತ್ರ ತಿಳಿಯುತ್ತದೆ. ಹಾಗಿದ್ದರೂ ಬಸ್ಸಿನಲ್ಲಿ ನಿದ್ದೆ ಹೋದವರು ಎದ್ದು, "ಎಲ್ಲಿಗೆ ಬಂದ್ವಿ?" ಎಂದು ಕೇಳುವುದು ಅವನನ್ನೇ. ರಸ್ತೆಯ ಪ್ರತಿ ಗುಂಡಿಯ ಗುರುತು ಅವನಿಗುಂಟು.

ಹುಟ್ಟಿದ್ದು ಕೂಡ್ಲಿಗಿಯಲ್ಲಿ. ಅಪ್ಪ ಪಕ್ಕೀರಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿ ದುಡಿದವರು. ಮನೆಯ ಗೋಡೆಗೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ ಹಾಕಿ, "ಓದ್ರಿ" ಎಂಬುದೊಂದನ್ನು ಬಿಟ್ಟು ಮಕ್ಕಳಿಗೆ ಬೇರೆ ಬುದ್ಧಿ ಹೇಳಿದವರಲ್ಲ. ಭೀಮೇಶನಿಗೆ ಪುಸ್ತಕದ ಅಕ್ಷರ ಮಸುಕಾಗತೊಡಗಿದಾಗ ಓದಿ ಹೇಳುವ ಕೆಲಸ ಅಕ್ಕ ಅಂಜಿನಕ್ಕನ ಪಾಲಿಗೆ ಬಂತು. ಅವಳಿಗೆ ಕೂತು ಓದುವಷ್ಟು ಪುರುಸೊತ್ತೆಲ್ಲಿ? ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಸಜ್ಜೆ ರೊಟ್ಟಿ ತಟ್ಟುತ್ತ ಓದುತ್ತಿದ್ದಳು. ವಾಕ್ಯದ ನಡುವೆ ಉಸಿರು ತಗೊಂಡರೆ ಒಂದು ತಟ್ಟು. ವಾಕ್ಯ ಮುಗಿದರೆ ರೊಟ್ಟಿ ಹಂಚಿನ ಮೇಲೆ. 'ಇದೆ' ಎಂದು ಅಚ್ಚಾದದ್ದನ್ನೆಲ್ಲ 'ಐತಿ' ಎಂದೇ ಓದುವಳು. ಪರೀಕ್ಷೆಯಲ್ಲಿ ತನ್ನ ಬದಲು ಬರೆಯಲು ಕೂತ ಹುಡುಗನಿಗೆ ಭೀಮೇಶನೂ ಹಾಗೆಯೇ ಹೇಳಿ ಬರೆಸಿ, ಕನ್ನಡ ಮೇಷ್ಟ್ರಿಂದ ಬೈಸಿಕೊಂಡದ್ದುಂಟು.

ನೌಕರಿ ಸಿಕ್ಕಿತು, ಕಂಪ್ಯೂಟರ್ ಕಲಿತ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಹಾಕಿಕೊಂಡ. ಇಂಗ್ಲಿಷನ್ನು ಅದು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿತ್ತು. ಕನ್ನಡಕ್ಕೆ ಮಾತ್ರ ಎಲ್ಲೋ ದೂರದ ಒಂದು ಕಂಪನಿ ಪುಕ್ಕಟೆ ಹಂಚುತ್ತಿದ್ದ ಬೇರೆ ದನಿ ಬೇಕಿತ್ತು. ಮೂಗು ಕಟ್ಟಿದ ಗಂಡಸಿನ ದನಿ. ಆದರೂ ಅದೇ ಅವನ ಕಣ್ಣು. ಒಂದು ಸೋಮವಾರ ಕಚೇರಿಗೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಆ ದನಿ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿತು: ಕೀ ಹಾಕಿ, ಅಂದರೆ ಕೊಂಡವರಿಗೆ ಕಂಪನಿ ಕೊಡುವ ಗುಟ್ಟಿನ ಸಂಖ್ಯೆ ಒತ್ತಿ. ಕಂಪನಿಯನ್ನು ಇನ್ಯಾರೋ ಕೊಂಡಿದ್ದರಂತೆ, ಪುಕ್ಕಟೆ ನಿಂತುಹೋಗಿತ್ತು. ಕೀ ಕೊಳ್ಳುತ್ತೇನೆಂದು ಯಾರಿಗೆ ಬರೆದರೂ ಉತ್ತರವಿಲ್ಲ. ಮುಂದೆ ಎಷ್ಟೋ ತಿಂಗಳು ಭೀಮೇಶ ಕನ್ನಡದ ಒಂದೊಂದು ಕಡತಕ್ಕೂ ಪಕ್ಕದ ಟೇಬಲ್ಲಿನ ಬೊಮ್ಮಪ್ಪನನ್ನು ಕರೆಯಬೇಕಾಯಿತು. ಬೊಮ್ಮಪ್ಪ ಬೇಸರಪಟ್ಟುಕೊಳ್ಳುವವನಲ್ಲ. ಆದರೆ ಇನ್ನೊಬ್ಬರ ಬಿಡುವು ನೋಡಿಕೊಂಡು ತನ್ನ ಕೆಲಸ ಮಾಡುವುದು ಭೀಮೇಶನಿಗೆ ಒಗ್ಗದ ಸಂಗತಿ.

ಆ ದಿನಗಳಲ್ಲೇ ಹಡಗಲಿಯಲ್ಲಿ ನೌಕರರಿಗೆ ಕಂಪ್ಯೂಟರ್ ತರಬೇತಿ ನಡೆಯಿತು. ಕಲಿಸಲು ಬಂದವಳು ಹರಪನಹಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಸುಮಂಗಲಾ. ಎಲ್ಲರೂ ಕೀಲಿಮಣೆ ಕುಟ್ಟುತ್ತಿದ್ದರೆ ಒಬ್ಬ ಮಾತ್ರ ಕೈಕಟ್ಟಿ ಕೂತದ್ದು ನೋಡಿ ಹತ್ತಿರ ಬಂದಳು.

"ಯಾಕೆ ಸರ್, ಬೇಜಾರಾಯ್ತಾ?"

"ಇಲ್ರಿ ಮೇಡಂ. ಇದಕ್ಕ ಬಾಯಿಲ್ಲ, ನನಗ ಕಣ್ಣಿಲ್ಲ. ಇಬ್ರೂ ಸುಮ್ನ ಕುಂತೀವಿ."

ಸುಮಂಗಲಾ ನಕ್ಕಳು. ಊಟದ ಹೊತ್ತಿಗೆ ಅವನ ಪಕ್ಕ ಕೂತು ಕಥೆಯೆಲ್ಲ ಕೇಳಿದಳು. ಕೇಳಿ, "ಬಾಯಿ ನಾವೇ ಮಾಡಾಣ ಬಿಡ್ರಿ" ಎಂದಳು. ಬಾಯಿಮಾತಿಗೆ ಹೇಳಿದಳೇನೋ ಎಂದುಕೊಂಡ ಭೀಮೇಶ. ಮುಂದಿನ ಭಾನುವಾರವೇ ಫೋನು ಬಂತು.

ಹಾಗೆ ಶುರುವಾದದ್ದು ಓದಕ್ಕ, ಕನ್ನಡವನ್ನು ಗಟ್ಟಿಯಾಗಿ ಓದುವ ಅವರದೇ ಸಾಫ್ಟ್‌ವೇರ್. ಇಂಗ್ಲಿಷ್ ದನಿಯ ಸಹಾಯದಿಂದ ಭೀಮೇಶ ಪ್ರೋಗ್ರಾಂ ಬರೆಯುವುದು ಕಲಿತ. ಸುಮಂಗಲಾ ತಿದ್ದಿದಳು, ಆಮೇಲೆ ಅವಳದನ್ನೂ ಅವನು ತಿದ್ದುವಂತಾದ. ದನಿ ಯಾರದು ಎಂದು ಯೋಚಿಸಬೇಕಾಗಲೇ ಇಲ್ಲ. ಅಂಜಿನಕ್ಕ ಈಗ ಕೂಡ್ಲಿಗಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ರಜಾದಿನ ಹೊರಗಿನ ಸದ್ದು ಬಾರದಂತೆ ಅಂಗನವಾಡಿಯ ಕಿಟಕಿಗಳಿಗೆ ಕೌದಿ ಕಟ್ಟಿ, ಅವಳಿಂದ ಸಾವಿರಾರು ವಾಕ್ಯ ಓದಿಸಿ, ದನಿಯನ್ನು ತುಂಡು ತುಂಡಾಗಿ ಹಿಡಿದಿಟ್ಟರು. ಮೊದಲ ಸಲ ಕಂಪ್ಯೂಟರ್ ಮಾತಾಡಿದಾಗ ಅಂಜಿನಕ್ಕ, "ಇದೇನಲೇ, ಬಾವ್ಯಾಗ ಬಿದ್ದೋರು ಕೂಗಿದಂಗ ಐತಿ" ಎಂದು ಎದ್ದು ಹೋದಳು. ಮತ್ತೆ ಕೇಳಲಿಲ್ಲ, ಇವರೂ ಕೇಳಿಸಲಿಲ್ಲ. ಇಬ್ಬರೂ ನೌಕರಿಯವರು, ಬಿಡುವಿದ್ದಾಗಲಷ್ಟೇ ಕೆಲಸ. ಕೆಲವು ವರ್ಷ ಹಿಡಿಯಿತು. ಕೊನೆಗೊಂದು ಬುದ್ಧಪೂರ್ಣಿಮೆಯ ದಿನ ಓದಕ್ಕ ತಯಾರಾಯಿತು. ಇಂಟರ್ನೆಟ್ಟಿನಲ್ಲಿ ಇಟ್ಟು, ಬೇಕಾದವರು ತೆಗೆದುಕೊಳ್ಳಲಿ ಎಂದು ಬಿಡುವುದಷ್ಟೇ ಬಾಕಿ.

ಜಗಳ ಹತ್ತಿದ್ದು ಅಲ್ಲಿ.

ಸಾಫ್ಟ್‌ವೇರ್ ಬರೆದವರು ಅದನ್ನು ಲೋಕಕ್ಕೆ ಬಿಡುವಾಗ, ತೆಗೆದುಕೊಂಡವರು ಏನು ಮಾಡಬಹುದು, ಏನು ಮಾಡಬಾರದು ಎಂಬ ಮಾತನ್ನೂ ಜೊತೆಗಿಡಬೇಕು. ಆ ಮಾತೇ ಲೈಸೆನ್ಸ್. ಏನೂ ಹೇಳದೆ ಬಿಟ್ಟರೆ 'ಎಲ್ಲರದೂ' ಎಂದಲ್ಲ, 'ಯಾರೂ ಮುಟ್ಟುವಂತಿಲ್ಲ' ಎಂದಾಗುತ್ತದೆ.

ಸುಮಂಗಲಾ ಆರಿಸಿದ್ದು ಎಂಐಟಿ ಎಂಬ ಲೈಸೆನ್ಸು. "ಯಾರಾದ್ರೂ ತಗಳ್ಳಿ, ಏನಾದ್ರೂ ಮಾಡ್ಕಳ್ಳಿ, ನಮ್ಮ ಹೆಸರು ಒಂದು ಅಳಿಸದೆ ಇಟ್ರೆ ಸಾಕು. ಷರತ್ತು ಹೆಚ್ಚು ಹಾಕಿದಷ್ಟೂ ಜನ ಹೆದರ್ತಾರೆ ಭೀಮೇಶಣ್ಣ. ನಾವು ಮಾಡಿದ್ದು ಮೂಲೇಲಿ ಕೊಳೀತೈತೆ."

ಭೀಮೇಶನಿಗೆ ಬೇಕಾದದ್ದು ಜಿಪಿಎಲ್ ಎಂಬ ಇನ್ನೊಂದು. "ತಗೊಳ್ಳಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನ ತಿದ್ದಿ ಮುಂದಿನೋರಿಗೆ ಕೊಡೋದಾದ್ರ, ತಿದ್ದಿದ್ದನ್ನೂ ನಮ್ಮಂಗ ಬಿಚ್ಚಿಟ್ಟು ಕೊಡಬೇಕು. ಯಾರೂ ಬೀಗ ಜಡಿಯಂಗಿಲ್ಲ. ಬೀಗ ಬಿದ್ರ ಹೆಂಗಿರತೈತಿ ಅಂತ ನನಗ ಗೊತ್ತೈತ್ರಿ."

ವಾರಗಟ್ಟಲೆ ವಾದ ನಡೆಯಿತು. ಒಬ್ಬರು ಗೆದ್ದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಗೆಲ್ಲುವುದೇ ಬೇಡವೆಂದು ಇಬ್ಬರೂ ತಮ್ಮ ತಮ್ಮ ಲೈಸೆನ್ಸನ್ನು ಓದಕ್ಕನ ಜೊತೆಗಿಟ್ಟರು. ಓದಕ್ಕನ ಪುಟದಲ್ಲಿ ಲೈಸೆನ್ಸ್ ಯಾವುದೆಂದು ತಿಳಿಸುವ ಸಾಲಿನಲ್ಲಿ ಸುಮಂಗಲಾ ಎರಡರ ಹೆಸರನ್ನೂ ಬರೆದು, ನಡುವೆ ಒಂದು ಓರೆ ಗೆರೆ ಎಳೆದಳು. ಆ ಗೆರೆಗೆ ಅರ್ಥವೇನು ಎಂದು ಇಬ್ಬರೂ ಮಾತಾಡಿಕೊಳ್ಳಲಿಲ್ಲ. ಎರಡರಲ್ಲಿ ಬೇಕಾದ್ದು ಆರಿಸಿಕೊಳ್ಳಿ ಎಂದರ್ಥ ಎಂದು ಅವಳು ನೆಮ್ಮದಿಯಾಗಿದ್ದಳು. ಎರಡನ್ನೂ ಪಾಲಿಸಬೇಕು ಎಂದರ್ಥ ಎಂದು ಇವನು ನೆಮ್ಮದಿಯಾಗಿದ್ದ. ಯಾರೂ ಕೇಳದೆ ಹೋದದ್ದರಿಂದ ಆ ನೆಮ್ಮದಿ ಎರಡು ವರ್ಷ ಬಾಳಿತು.

ಕೇಳಿದವನು ಕಾಂತೇಶ್. ಹಡಗಲಿಯ ಹುಡುಗ, ಹೊಸಪೇಟೆಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳುವ ಅಂಗೈಯಗಲದ ಯಂತ್ರವೊಂದನ್ನು ಅವರು ಮಾಡುತ್ತಿದ್ದರು. ಕನ್ನಡದ ಎಲ್ಲ ದನಿಗಳನ್ನೂ ಹಾಕಿ ನೋಡಿ, ಓದಕ್ಕನೇ ಆಗಬೇಕೆಂದು ಹಿಡಿದಿದ್ದ. ಭೀಮೇಶನಿಗೆ ಫೋನು ಮಾಡಿದ.

"ಸರ್, ಎರಡು ಲೈಸೆನ್ಸ್ ಹಾಕೀರಿ. ನಾವು ಒಂದು ಆರಿಸ್ಕೋಬಹುದೋ, ಎರಡೂ ಪಾಲಿಸ್ಬೇಕೋ?"

"ಎರಡೂ" ಎಂದ ಭೀಮೇಶ, ಅದರಲ್ಲೇನು ಅನುಮಾನ ಎನ್ನುವ ಹಾಗೆ.

ಕಾಂತೇಶ ಪೇಚಿಗೆ ಸಿಕ್ಕಿದ. ಅವರ ಯಂತ್ರದೊಳಗೆ ಬೇರೆಯವರಿಂದ ತಂದ ಒಂದು ಭಾಗವಿತ್ತು. ಅದನ್ನು ಬಿಚ್ಚಿ ತೋರಿಸುವ ಹಕ್ಕು ಅವರಿಗಿರಲಿಲ್ಲ. ಭೀಮೇಶನ ಲೈಸೆನ್ಸನ್ನೂ ಪಾಲಿಸಬೇಕೆಂದರೆ ಓದಕ್ಕ ಆ ಯಂತ್ರದೊಳಗೆ ಕೂರುವಂತಿಲ್ಲ. ಇನ್ನೊಬ್ಬರನ್ನೂ ಕೇಳಿಬಿಡೋಣವೆಂದು ಸುಮಂಗಲಾಗೆ ಫೋನು ಹಚ್ಚಿದ. ಅವಳು ಅಷ್ಟೇ ಧೈರ್ಯವಾಗಿ, "ಯಾವ್ದಾದ್ರೂ ಒಂದು ಸಾಕು" ಎಂದಳು.

ಮರುದಿನ ಇಬ್ಬರನ್ನೂ ಒಂದೇ ಕರೆಯಲ್ಲಿ ಕೂಡಿಸಿ ಕಾಂತೇಶ ಹೇಳಿದ: "ಹೋಟೆಲ್ ಬೋರ್ಡಿನ್ಯಾಗ ಚಪಾತಿ, ರೊಟ್ಟಿ ಅಂತ ಬರ್ದು ನಡುವ ಗೆರಿ ಎಳ್ದಿರ್ತಾರಲ್ರಿ, ಹಂಗಾಗೈತಿ ನಿಮ್ಮದು. ಎರಡೂ ಬಡಸ್ತಾರೋ, ಒಂದ ಬಡಸ್ತಾರೋ, ಊಟಕ್ಕ ಕುಂತ ಮ್ಯಾಲೆ ಗೊತ್ತಾಗಬೇಕು. ನಮ್ಮ ವಕೀಲ್ರು ಊಟಕ್ಕ ಕುಂದ್ರಾಕ ಒಪ್ಪವಲ್ಲರು. 'ಅಥವಾ' ಅಂತಾದ್ರೂ ಬರೀರಿ, 'ಮತ್ತು' ಅಂತಾದ್ರೂ ಬರೀರಿ. ಓದಕ್ಕನಿಗೆ ಕೋಡ್ ಬರ್ದೋರೆಲ್ಲ ಒಪ್ಪಿರಬೇಕಂತ. ಬರೋ ಬೇಸಿಗಿ ರಜಾ ಮುಗಿಯೋದ್ರಾಗ ಹೇಳ್ರಿ, ಇಲ್ಲಾಂದ್ರ ಬ್ಯಾರೆ ದನಿ ಹುಡುಕ್ಕೋಬೇಕಾಕತಿ."

ಅವನು ಫೋನಿಟ್ಟ ಮೇಲೆ ಇವರಿಬ್ಬರೇ ಉಳಿದರು.

"ಗೆರಿ ಎಳ್ದಾಗ ನೀವು ನನಗ ಹೇಳಲಿಲ್ಲಲ್ರಿ ಮೇಡಂ?"

"ನೀವು ಕೇಳ್ಲಿಲ್ಲವಲ್ಲ ಭೀಮೇಶಣ್ಣ?"

ಎಂದೂ ದನಿ ಏರಿಸಿ ಮಾತಾಡದ ಇಬ್ಬರೂ ಅವತ್ತು ಏರಿಸಿದರು. ಎರಡು ದಿನ ಫೋನಿಲ್ಲ. ಭೀಮೇಶನಿಗೆ ಊಟ ರುಚಿಸಲಿಲ್ಲ. ಪಕ್ಕದ ಟೇಬಲ್ಲಿನ ಬೊಮ್ಮಪ್ಪ ಏನಾಯಿತೆಂದು ಕೇಳಿದರೂ ಹೇಳಲಿಲ್ಲ. ಗೆರೆಯ ಜಗಳ ಎಂದರೆ ನಗುತ್ತಾನೆ ಎಂಬ ಅಳುಕು. ಮೂರನೆಯ ದಿನ ಸುಮಂಗಲಾಳೇ ಫೋನು ಮಾಡಿ, ಜಗಳವಾಡಿದ್ದು ನೆನಪೇ ಇಲ್ಲದವಳ ಹಾಗೆ, "ಶನಿವಾರ ಹಲವಾಗಲಿಗೆ ಹೋಗಾಣ ಬರ್ರಿ. ಹುಲುಗೇಶ್ ಮೇಷ್ಟ್ರನ್ನೂ ಕೇಳಬೇಕಲ್ಲ" ಎಂದಳು. ಭೀಮೇಶನ ಎದೆ ಹಗುರಾಯಿತು.

ಹುಲುಗೇಶ್ ಹಲವಾಗಲಿನ ಶಾಲೆಯ ಮೇಷ್ಟ್ರು. ಓದಕ್ಕ ಮೊದಮೊದಲು ಅಂಕಿಗಳನ್ನು ಬಿಡಿಬಿಡಿಯಾಗಿ 'ಒಂದು ಎರಡು ಐದು' ಎಂದು ಓದುತ್ತಿತ್ತು. ಅದನ್ನು 'ನೂರಾ ಇಪ್ಪತ್ತೈದು' ಎಂದು ಓದುವಂತೆ ಬರೆದು ಕಳಿಸಿದವರು ಅವರು. ಮುಖ ನೋಡಿದ್ದಿಲ್ಲ, ಇಂಟರ್ನೆಟ್ಟಿನ ಪರಿಚಯ. ಓದಕ್ಕನಲ್ಲಿ ಅವರದೂ ಪಾಲಿದ್ದದ್ದರಿಂದ ಅವರ ಒಪ್ಪಿಗೆಯೂ ಬೇಕಿತ್ತು.

ಹರಪನಹಳ್ಳಿಯಲ್ಲಿ ಕೂಡಿಕೊಂಡು ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಲೈಸೆನ್ಸಿನ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದರು. ಹಲವಾಗಲಿನಲ್ಲಿ ಇಳಿದಾಗ ಹೊಳೆಯ ಕಡೆಯಿಂದ ತಂಪು ಗಾಳಿ ಮುಖಕ್ಕೆ ಬಂತು. ಬೆಳಗಿನ ಶಾಲೆ ಬಿಡುವ ಹೊತ್ತು. ಮೇಷ್ಟ್ರು ಗೇಟಿಗೇ ಬಂದು ಭೀಮೇಶನ ಕೈ ಹಿಡಿದುಕೊಂಡು, "ಮಾತು ಆಮೇಲೆ. ಮೊದ್ಲು ನಮ್ಮ ರಮಾನ ನೋಡ್ಬರ್ರಿ" ಎಂದು ಐದನೆಯ ತರಗತಿಗೆ ಕರೆದೊಯ್ದರು.

ರಮಾಳಿಗೆ ಪುಸ್ತಕ ಮೂಗಿಗೆ ತಾಗಿಸಿದರೂ ಅಕ್ಷರ ಕಾಣದು. ಅಪ್ಪನ ಹಳೆಯ ಫೋನನ್ನು ಕಿವಿಗೊತ್ತಿಕೊಂಡು ಕೂತಿದ್ದಳು. ಭೀಮೇಶ ಬಾಗಿಲಲ್ಲೇ ನಿಂತುಬಿಟ್ಟ. ಫೋನಿನೊಳಗಿಂದ ಅಂಜಿನಕ್ಕ ಹೊಳೆಗಳ ಪಾಠ ಓದುತ್ತಿದ್ದಳು. ಅವಳದೇ ಉಸಿರು, ಅವಳದೇ ನಿಲುಗಡೆ. ಆದರೆ ಓದಕ್ಕನ ಫೋನಿನ ರೂಪವನ್ನು ಇವರು ಮಾಡಿಯೇ ಇರಲಿಲ್ಲ!

ಯಾರೋ ಎಲ್ಲಿಯವರೋ ಓದಕ್ಕನನ್ನು ತೆಗೆದುಕೊಂಡು, ಬೇರೆ ಹೆಸರಿಟ್ಟು, ಫೋನಿನ ಆ್ಯಪ್ ಮಾಡಿ ಬಿಟ್ಟಿದ್ದರು. ಒಳಗೇನಿದೆ ಎಂದು ಯಾರಿಗೂ ಕಾಣದಂತೆ ಮುಚ್ಚಿಬಿಟ್ಟಿದ್ದರು. ಭೀಮೇಶ ಇಷ್ಟು ವರ್ಷ ಹೆದರಿಕೊಂಡೇ ಬಂದದ್ದು ಯಾವಾಗಲೋ ಆಗಿಹೋಗಿತ್ತು.

ಅವನ ಕೋಲಿನ ಸದ್ದಿಗೆ ಹುಡುಗಿ ಪಾಠ ನಿಲ್ಲಿಸಿದಳು. "ಸರ್, ನಿಮಗೂ ಕಾಣಲ್ವಾ?"

"ಇಲ್ಲಮ್ಮ."

"ಹಂಗಾದ್ರೆ ನಿಮಗೂ ಇದು ಬೇಕು. ಭಾಳ ಚೆನ್ನಾಗಿ ಓದ್ತಾಳೆ ಈ ಅಕ್ಕ. ನಿಮ್ಮ ಫೋನು ಕೊಡ್ರಿ, ಹಾಕ್ಕೊಡ್ತೀನಿ."

ಭೀಮೇಶನಿಗೆ ನಗು ಬಂತು. ಇದು ನಾನೇ ಮಾಡಿದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಫೋನು ತೆಗೆದು ಅವಳ ಕೈಗಿಟ್ಟು, "ಹಾಕ್ಕೊಡವ್ವ" ಎಂದ. ಅವಳು ಅವನ ಬೆರಳು ಹಿಡಿದು ಎಲ್ಲಿ ಒತ್ತಬೇಕೆಂದು ಕಲಿಸಿಕೊಟ್ಟಳು. ಎರಡು ಸಲ ತಪ್ಪಿದ್ದಕ್ಕೆ ಸಣ್ಣಗೆ ಗದರಿದಳು ಕೂಡ.

ಸುಮಂಗಲಾ ಅತ್ತ ರಮಾಳ ಫೋನಿನಲ್ಲಿ ಬೇರೆಯೇ ಏನೋ ಹುಡುಕುತ್ತಿದ್ದಳು. ಮಾಡಿದವರ ಹೆಸರಿರುವ ಜಾಗದಲ್ಲಿ ತಮ್ಮ ಮೂವರಲ್ಲಿ ಒಬ್ಬರ ಹೆಸರೂ ಇಲ್ಲ. ಹೆಸರೊಂದನ್ನು ಉಳಿಸಿ ಎಂಬ ಅವಳ ಒಂದೇ ಒಂದು ಷರತ್ತನ್ನೂ ಅವರು ಅಳಿಸಿಹಾಕಿದ್ದರು. ಅಷ್ಟರಲ್ಲಿ ಪಾಠ ಮತ್ತೆ ಶುರುವಾಯಿತು. ತುಂಗಭದ್ರೆ ಎಲ್ಲಿ ಹುಟ್ಟಿತೆಂದು ಅಂಜಿನಕ್ಕ ಹೇಳುತ್ತಿದ್ದಾಗಲೇ ಪಟ್ಟನೆ ಒಂದು ಗಂಡುದನಿ ನುಗ್ಗಿ, 'ಕೂಡಲೇ ಸಾಲ ಬೇಕೇ?' ಎಂದು ಕೂಗಿತು. ರಮಾ ಅಭ್ಯಾಸವಾದವಳಂತೆ ಅದು ಮುಗಿಯಲೆಂದು ಕಾದಳು. ಸುಮಂಗಲಾಳ ಮುಖ ಕೆಂಪಾಯಿತು.

ಹುಲುಗೇಶ್ ಮೇಷ್ಟ್ರು ಚಹಾ ತರಿಸಿದರು. ಲೈಸೆನ್ಸಿನ ವಿಷಯ ಕೇಳಿ, "ನನ್ನದೇನಿಲ್ರಿ. 'ಮತ್ತು' ಅನ್ರಿ, 'ಅಥವಾ' ಅನ್ರಿ, ನಾನು ಒಪ್ತೀನಿ" ಎಂದರು. ಆಮೇಲೆ ಏನೋ ಹೊಳೆದವರ ಹಾಗೆ, "ಆದ್ರೆ ಆ ದನಿ ಯಾರದ್ದೋ ಅವ್ರನ್ನ ಕೇಳೀರೇನು?" ಎಂದರು. ಇಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಅವರವರದೇ ಯೋಚನೆ. ಭೀಮೇಶ ಯೋಚಿಸುತ್ತಿದ್ದ: ಮೇಡಂ ಹೇಳಿದ ಹಾಗೆ ಬಿಟ್ಟಿದ್ದರಿಂದಲ್ಲವೇ ಅದು ಹೊಳೆ ದಂಡೆಯ ಈ ಹುಡುಗಿಯ ತನಕ ಬಂದದ್ದು? ನನ್ನ ಷರತ್ತೊಂದೇ ಇದ್ದಿದ್ದರೆ ಅವಳು ಇವತ್ತು ಏನು ಕೇಳುತ್ತಿದ್ದಳು? ಸುಮಂಗಲಾ ಯೋಚಿಸುತ್ತಿದ್ದುದು ಬೇರೆ, ಆದರೆ ಅದು ಅವನಿಗೆ ತಿಳಿದದ್ದು ಮರುದಿನ. ಹರಪನಹಳ್ಳಿಯಲ್ಲಿ ಅವಳು ಇಳಿದುಹೋದ ಮೇಲೆ, ಕೊಟ್ಟೂರಿನ ಬಸ್ಸಿನಲ್ಲಿ ಕೂತು ಭೀಮೇಶ ಕಾಂತೇಶನಿಗೆ ಸಂದೇಶ ಕಳಿಸಿದ: 'ಅಥವಾ' ಅಂತ ಹಾಕ್ಕೊಳ್ರಿ. ನಾನು ಒಪ್ಪೀನಿ.

ಭಾನುವಾರ ಬೆಳಿಗ್ಗೆಯೇ ಕಾಂತೇಶನ ಕರೆ. ಸುಮಂಗಲಾಳನ್ನೂ ಕೂಡಿಸಿದ್ದ. ಹುಡುಗ ನಗುತ್ತಿದ್ದನೋ ಅಳುತ್ತಿದ್ದನೋ ದನಿಯಿಂದ ತಿಳಿಯುವಂತಿರಲಿಲ್ಲ.

"ಹೋದ ವಾರ ಸರ್ 'ಎರಡೂ' ಅಂದ್ರು, ಮೇಡಂ 'ಯಾವ್ದಾದ್ರೂ' ಅಂದ್ರು. ನಿನ್ನೆ ಸಂಜಿಗೆ ಸರ್ 'ಅಥವಾ' ಅಂತ ಕಳಿಸ್ಯಾರ. ಅದರ ಬೆನ್ನಿಗೇ ಮೇಡಂ 'ಮತ್ತು' ಅಂತ ಕಳಿಸ್ಯಾರ. ನಾನು ನಮ್ಮ ವಕೀಲ್ರಿಗೆ ಏನಂತ ಹೇಳ್ಲಿ?"

ಭೀಮೇಶನೇ ಮೊದಲು ಕೇಳಿದ.

"ಮೇಡಂ, ನೀವ್ ಯಾಕ 'ಮತ್ತು' ಅಂದ್ರಿ?"

"ಆ ಸಾಲದ ಜಾಹೀರಾತು ಕೇಳಿದ್ ಮ್ಯಾಲೆ ನೀವು ಹೇಳಿದ್ದೇ ಸರಿ ಅನ್ನಿಸ್ತು ಭೀಮೇಶಣ್ಣ. ಬಿಗಿ ಮಾಡ್ಬೇಕು. ನೀವ್ಯಾಕೆ 'ಅಥವಾ' ಅಂದ್ರಿ?"

"ಆ ಹುಡುಗಿ ನನಗ ಕಲಿಸಿಕೊಟ್ಲಲ್ರಿ…"

ಮೊದಲು ನಕ್ಕವಳು ಸುಮಂಗಲಾ. ಆಮೇಲೆ ಭೀಮೇಶನಿಗೆ ತಡೆಯಲಾಗಲಿಲ್ಲ. ಹೊಸಪೇಟೆಯಲ್ಲಿ ಕಾಂತೇಶನೂ ಸೋತು ನಗತೊಡಗಿದ. ನಕ್ಕು ನಕ್ಕು ಸುಸ್ತಾದ ಮೇಲೆ ಭೀಮೇಶ ಹೇಳಿದ: "ನಡೀರಿ ಮೇಡಂ, ಕೂಡ್ಲಿಗಿಗೆ ಹೋಗೂಣು. ಕೇಳಬೇಕಾದೋರನ್ನ ಕೇಳದ ನಾವ ನಾವ ಹಂಚ್ಕೊಳ್ಳಾಕ ಹತ್ತೀವಿ."

ಅಂಜಿನಕ್ಕ ಅಂಗಳದಲ್ಲಿ ಹುಣಸೆಹಣ್ಣು ಜಜ್ಜುತ್ತ ಕೂತಿದ್ದಳು. ಬಂದವರಿಗೆ ನೀರು ಕೊಟ್ಟು, ಊಟ ಮಾಡಿಯೇ ಹೋಗಬೇಕೆಂದು ಕಟ್ಟುಮಾಡಿದಳು. ಭೀಮೇಶ ಫೋನು ತೆಗೆದು ರಮಾ ಹಾಕಿಕೊಟ್ಟದ್ದನ್ನು ಕೇಳಿಸಿದ. ಅಂಜಿನಕ್ಕನ ಕೈ ನಿಂತಿತು.

"ಇದು ನಾನಲೇ?"

"ನೀನ ಅಕ್ಕ."

"ಅಯ್ಯ, ಎಷ್ಟು ಛಲೋ ಓದ್ತೀನಿ!" ಎಂದು ಅವಳು ಮುಂದೆ ಸರಿದು ಕೂತಳು. ಹೊಳೆಯ ಪಾಠವನ್ನು ತಲೆದೂಗುತ್ತ ಕೇಳಿದಳು. ಗಂಡುದನಿ ನುಗ್ಗಿ ಸಾಲ ಬೇಕೇ ಎಂದ ಕೂಡಲೇ ಬೆಚ್ಚಿ ಹಿಂದಕ್ಕೆ ಸರಿದಳು. "ಇವನ್ಯಾವನು? ಮಕ್ಕಳಿಗೆ ಪಾಠ ಹೇಳೋ ಹೊತ್ತಿನ್ಯಾಗ ನಡುವ ಬಾಯಿ ಹಾಕ್ತಾನ?"

ಸುಮಂಗಲಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಓದಕ್ಕ ಬರೆದದ್ದು ತಾವು, ದನಿ ಅವಳದು; ಬರೆದದ್ದನ್ನು ಹಂಚುವ ಬಗೆಗೆ ತಾವಿಬ್ಬರೂ ವಾರಗಟ್ಟಲೆ ಹೊಡೆದಾಡಿದ್ದು; ದನಿಯ ಬಗ್ಗೆ ಮಾತ್ರ ಒಬ್ಬರೂ ಅವಳನ್ನು ಒಂದು ಮಾತು ಕೇಳದೇ ಹೋದದ್ದು. "ತಪ್ಪಾಯ್ತು ಅಂಜಿನಕ್ಕ. ಈಗ ಹೇಳ್ರಿ, ನಿಮ್ಮ ದನಿ ಯಾರಿಗೆ ಕೊಡಾಣ, ಹೆಂಗೆ ಕೊಡಾಣ?"

ಅಂಜಿನಕ್ಕ ಬಹಳ ಹೊತ್ತು ಯೋಚಿಸಲಿಲ್ಲ. "ಓದಾಕ ಬೇಕಂದೋರಿಗೆ ಕೊಡ್ರಿ. ಯಾವ ಊರವ್ರಾದ್ರೂ ಆಗ್ಲಿ. ಹಿಂಗ ನಡುವ ನಡುವ ಮಾರೋರ್ನ ತಂದು ಕುಂದ್ರಸಬಾರ್ದು, ಅಷ್ಟ." ಮತ್ತೆ ಎರಡು ಹುಣಸೆಹಣ್ಣು ಜಜ್ಜಿ, ದನಿ ತಗ್ಗಿಸಿ ಸೇರಿಸಿದಳು: "ಮತ್ತ ಮೊದಲಿಗೆ ಹೇಳ್ಬೇಕು, ಈ ದನಿ ಕೂಡ್ಲಿಗಿ ಅಂಜಿನಕ್ಕಂದು ಅಂತ. ಪಕ್ಕೀರಪ್ಪನ ಮಗಳು ಅಂತನೂ ಹಾಕ್ರಿ. ಅಪ್ಪ ಇದ್ದಿದ್ರ ಕುಣಿದಾಡ್ತಿದ್ದ."

ಭೀಮೇಶ ಹೆಗಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸುಮಂಗಲಾ ಅವನತ್ತ ತಿರುಗಿದಳು.

"ನೋಡ್ರಿ, ನಾನು ನಿನ್ನೆ ಸಿಟ್ಟಾಗಿದ್ದು ಈ ದನಿ ಸಲುವಾಗೇ ಹೊರತು ನಾವು ಬರ್ದ ಕೋಡಿನ ಸಲುವಾಗಲ್ಲ. ದನಿಗೆ ಅಂಜಿನಕ್ಕನ ಮಾತೇ ಬ್ಯಾರೆ ಪುಟದಾಗೆ ಇರ್ಲಿ. ಪ್ರೋಗ್ರಾಮಿಗೆ 'ಅಥವಾ' ಇರ್ಲಿ."

"ನಾಳೆ ಕಾಂತೇಶನೋರು ಅದಕ್ಕ ಬೀಗ ಹಾಕಿದ್ರ?" ಎಂದ ಭೀಮೇಶ. ಒಪ್ಪಿದ್ದ, ಆದರೆ ಕೀ ಕೇಳಿದ ಆ ಸೋಮವಾರ ಇನ್ನೂ ಎದೆಯೊಳಗೆಲ್ಲೋ ಕೂತಿತ್ತು.

"ಅವ್ರ ಮನೆಗೆ ಹಾಕ್ಕಳ್ಳಿ. ನಮ್ಮ ಮನೆ ಬಾಗ್ಲು ತೆಗೆದೇ ಇರ್ತೈತಲ್ಲ. ಅವತ್ತು ಬೀಗ ಬಿದ್ದಾಗ ನಿಮ್ಮ ಹತ್ರ ಇನ್ನೊಂದು ಮನೆ ಇರ್ಲಿಲ್ಲ ಭೀಮೇಶಣ್ಣ. ಈಗ ಐತೆ. ನೀವೇ ಕಟ್ಟೀರಿ."

ಇದನ್ನೇ ಅವಳು ಹಿಂದೆಯೂ ನೂರು ಸಲ ಹೇಳಿದ್ದಿರಬಹುದು. ಅವತ್ತು ಮಾತ್ರ ಅದು ಕಿವಿಯಲ್ಲೇ ನಿಲ್ಲದೆ ಒಳಗಿಳಿಯಿತು. "ಬರೀರಿ ಮೇಡಂ" ಎಂದ ಭೀಮೇಶ.

ಅಂಗಳದಲ್ಲಿ ಕೂತೇ ಸುಮಂಗಲಾ ಓರೆ ಗೆರೆಯನ್ನು ಅಳಿಸಿ 'ಅಥವಾ' ಎಂದು ಬರೆದಳು. ಇನ್ನು ಮುಂದೆ ಯಾರಿಗೂ ಗೊಂದಲ ಬೇಡವೆಂದು ಕೆಳಗೆ ಇನ್ನೂ ಎರಡು ವಾಕ್ಯ ಸೇರಿಸಿದಳು: ಇವೆರಡರಲ್ಲಿ ನಿಮಗೆ ಒಪ್ಪುವ ಒಂದನ್ನು ಆರಿಸಿಕೊಳ್ಳಿ, ಹೊಸದಾಗಿ ಏನಾದರೂ ಬರೆದು ಸೇರಿಸುವವರು ಇದಕ್ಕೆ ಒಪ್ಪಿಯೇ ಸೇರಿಸಬೇಕು. ದನಿಯ ಪುಟವನ್ನು ಅಂಜಿನಕ್ಕ ಹೇಳಿದಂತೆ ಭೀಮೇಶ ಬರೆದ. ಹುಲುಗೇಶ್ ಮೇಷ್ಟ್ರು ಫೋನಿನಲ್ಲೇ ಹೂಂ ಎಂದರು. ಕಾಂತೇಶನಿಗೆ ತಿಳಿಸಿದಾಗ ಅವನು ಎರಡೆರಡು ಸಲ ಕೇಳಿದ: "ಇದು ಪಕ್ಕಾ ಏನ್ರಿ? ಸಂಜಿಗೆ ಮತ್ತ ಬದಲಿ ಆಗಂಗಿಲ್ಲಲ್ಲ?"

ಅವರ ಯಂತ್ರ ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಮಕ್ಕಳ ಕೈ ಸೇರಿತು. ರಮಾಳಿಗೂ ಒಂದು ಬಂತು. ಫೋನಿನ ಆ್ಯಪ್ ಮಾಡಿದವರಿಗೆ ಸುಮಂಗಲಾ ಪತ್ರದ ಮೇಲೆ ಪತ್ರ ಬರೆದಳು. ಬಹಳ ದಿನ ಸುದ್ದಿಯಿರಲಿಲ್ಲ. ಆಮೇಲೊಂದು ದಿನ ಅದರಲ್ಲಿ ಮೂವರ ಹೆಸರೂ ಅಂಜಿನಕ್ಕನ ಹೆಸರೂ ಕಾಣಿಸಿದವು. ಜಾಹೀರಾತು ಇನ್ನೂ ಹೋಗಿಲ್ಲ. ಸುಮಂಗಲಾ ಅವರನ್ನು ಬಿಟ್ಟಿಲ್ಲ. ಕಾಂತೇಶ ಮಾತ್ರ ಒಂದು ಕೆಲಸ ಮಾಡಿದ, ಅದನ್ನು ಯಾವ ಲೈಸೆನ್ಸೂ ಅವನಿಗೆ ಹೇರಿರಲಿಲ್ಲ. ಒತ್ತಕ್ಷರ ಓದುವಾಗ ಓದಕ್ಕ ಎಡವುತ್ತಿದ್ದ ಕಡೆಗಳನ್ನೆಲ್ಲ ತಿದ್ದಿ, ತನ್ನ ಮಾಲೀಕರನ್ನು ಒಪ್ಪಿಸಿ, ಆ ತಿದ್ದುಪಡಿಯನ್ನು ಓದಕ್ಕನ ಪುಟಕ್ಕೇ ಕಳಿಸಿಕೊಟ್ಟ. ಭೀಮೇಶ ಅದನ್ನು ಕಚೇರಿಯಲ್ಲಿ ಗಟ್ಟಿಯಾಗಿ ಹಾಕಿ ಬೊಮ್ಮಪ್ಪನಿಗೂ ಕೇಳಿಸಿದ.

ಈಗ ಅವರಿಬ್ಬರಿಗೆ ಹೊಸ ತಕರಾರು. ಓದಕ್ಕ ಎಲ್ಲವನ್ನೂ 'ಐತಿ' ಎನ್ನುತ್ತಾಳೆ, ಹರಪನಹಳ್ಳಿ ಕಡೆಯ ಮಕ್ಕಳಿಗೆ 'ಐತೆ' ಎನ್ನುವ ಇನ್ನೊಂದು ದನಿ ಬೇಕು ಎಂದು ಸುಮಂಗಲಾ ಹಿಡಿದಿದ್ದಾಳೆ. ಅವಳ ಪಕ್ಕದ ಮನೆಯ ತಿಪ್ಪೇರುದ್ರಮ್ಮ ಓದಲು ಸಿದ್ಧ. ಈ ಸಲ ದನಿ ಹಿಡಿಯುವ ಮೊದಲೇ ಕೂರಿಸಿಕೊಂಡು, ಕೇಳಿ, ಒಪ್ಪಿಗೆ ಪಡೆದಾಗಿದೆ. ಸುದ್ದಿ ಹೇಗೋ ಕೂಡ್ಲಿಗಿಗೆ ಮುಟ್ಟಿತು. ಮೊನ್ನೆ ಬಸ್ಸಿನಲ್ಲಿ ಭೀಮೇಶನ ಫೋನು ಹೊಡೆದುಕೊಂಡಿತು. ಅತ್ತ ಕಡೆಯ ದನಿ ಡ್ರೈವರಿನ ತನಕ ಕೇಳಿತು.

"ಏನಲೇ ಭೀಮಾ, ನನ್ ದನಿ ಸಾಕಾಗವಲ್ದಂತ ನಿಮಗ?"

"ಹಂಗಲ್ಲಕ್ಕ, ನಿನ್ ದನಿ ಇರ್ತೈತಿ, ಅವರ್ದೂ ಇರ್ತೈತಿ…"

"ಅಂದ್ರ? ಕೇಳೋರು ಯಾವ್ದಾದ್ರೂ ಒಂದು ಆರಿಸ್ಕೊಳ್ಳೋದೋ, ಎರಡೂ ಕೇಳಬೇಕೋ? ಬಿಡಿಸಿ ಹೇಳು."

ಭೀಮೇಶ ನಗುತ್ತ ಸೀಟಿಗೊರಗಿ, ಬಿಡಿಸಿ ಹೇಳತೊಡಗಿದ. ಕಂಡಕ್ಟರು ಟಿಕೆಟು ಕೊಡುವುದನ್ನು ಬಿಟ್ಟು ಪಕ್ಕದಲ್ಲೇ ನಿಂತು ಕೇಳುತ್ತಿದ್ದ.